ಸ್ಟವ್ ಸಿಡಿಯಿತಂತೆ

ಮೈ ಸುಟ್ಟುಕೊಂಡ ಹೆಂಗಸನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಅವಳ ಹಿಂದೆಯೇ ಒಬ್ಬರೋ ಇಬ್ಬರೋ ಹತ್ತಿ ಕೂರುತ್ತಾರೆ. ಗಂಡ, ಅತ್ತೆ, ಇಲ್ಲವೇ ಮೈದುನ. ಬಾಗಿಲು ಹಾಕುವ ಮೊದಲೇ, ಯಾರೂ ಕೇಳದಿದ್ದರೂ, ಅವರಲ್ಲೊಬ್ಬರು ಹೇಳಿಬಿಡುತ್ತಾರೆ: ‘ಸ್ಟವ್ ಸಿಡೀತು ಸಾರ್.’ ಗಾಡಿಯಲ್ಲಿ ತುರ್ತು ಚಿಕಿತ್ಸೆ ಕೊಡುವ ಇಎಂಟಿ ಆಕ್ಸಿಜನ್ ಮಾಸ್ಕ್ ಹಾಕುತ್ತ ಬಗ್ಗಿ, ‘ಏನಾಯ್ತಮ್ಮ?’ ಎಂದು ಅವಳನ್ನೇ ಕೇಳುತ್ತಾನೆ. ಅವಳು ಬಾಯಿ ತೆರೆಯುವ ಮುಂಚೆ ಪಕ್ಕದಲ್ಲಿ ಕೂತವರ ಮುಖ ನೋಡುತ್ತಾಳೆ. ಆಮೇಲೆ ಅವಳೂ ಅದೇ ಎರಡು ಮಾತು ಹೇಳುತ್ತಾಳೆ.

ಆ ನೋಟವನ್ನು ಯಾವ ಹಾಳೆಯಲ್ಲಿ ಬರೆಯುವುದು?

ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ರೋಗಿಯ ವಿಷಯದಲ್ಲಿ ಆಂಬುಲೆನ್ಸಿನವರ ಹೊಣೆ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಗಿಯುತ್ತದೆ ಎಂಬ ಚರ್ಚೆ ಸುತ್ತಿ ಬಳಸಿ ಬಂದು ನಿಲ್ಲುವುದು ಇಲ್ಲೇ. ಕ್ಯಾಶುವಾಲ್ಟಿಯ ವೈದ್ಯರು ನೋಡುವುದು ಸ್ಟ್ರೆಚರ್ ಮೇಲಿನ ದೇಹವನ್ನು. ಪೊಲೀಸರು ಮಹಜರಿಗೆ ಬರುವಷ್ಟರಲ್ಲಿ ಅಡುಗೆಮನೆಗೆ ನೀರು ಬಿದ್ದು ಗುಡಿಸಿಯಾಗಿರುತ್ತದೆ. ಸರ್ಕಾರದ ಕಡೆಯವರು ಎಂದು ಹೇಳಬಹುದಾದವರಲ್ಲಿ ಮನೆಯ ಒಳಗನ್ನು ಇದ್ದದ್ದು ಇದ್ದ ಹಾಗೆ ಕಾಣುವವರು ಆಂಬುಲೆನ್ಸಿನ ಇಬ್ಬರು ಮಾತ್ರ: ಇಎಂಟಿ, ಮತ್ತು 108 ಆಂಬುಲೆನ್ಸ್ ಸೇವೆಯ ಭಾಷೆಯಲ್ಲಿ ‘ಪೈಲಟ್’ ಎನಿಸಿಕೊಳ್ಳುವ ಚಾಲಕ. ಸ್ಟವ್ ಮೂಲೆಯಲ್ಲಿ ಸೊಟ್ಟಗಾಗದೆ ನಿಂತಿದೆ, ಸೀಮೆಎಣ್ಣೆಯ ವಾಸನೆ ಮಾತ್ರ ಮಲಗುವ ಕೋಣೆಯಿಂದ ಬರುತ್ತಿದೆ ಎಂಬುದು ಅವರ ಕಣ್ಣಿಗೆ, ಮೂಗಿಗೆ ತಾಗಿರುತ್ತದೆ. ಅದು ಅಲ್ಲಿಂದ ಮುಂದೆ ಎಲ್ಲಿಗೂ ಹೋಗುವುದಿಲ್ಲ. ನಮ್ಮಲ್ಲಿ ಕಾಣುವ ಕಣ್ಣಿಗೆ ಕೊರತೆಯಿಲ್ಲ, ಕಂಡದ್ದನ್ನು ಹೇಳಲು ದಾರಿಯಿಲ್ಲ ಎಂಬುದು ನನ್ನ ವಾದ.

ಸ್ಟವ್ ಸಿಡಿದ ಕಥೆ ಹಳೆಯದು. 1990ರ ದಶಕದ ಕೊನೆಗೆ ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ನಗರದ ಮಹಿಳೆಯರ ಅಸಹಜ ಸಾವುಗಳ ಕಡತಗಳನ್ನು ಹಿಡಿದು ಕೂತಾಗ, ಅಡುಗೆಮನೆಯ ಅಪಘಾತವೆಂದು ಮುಚ್ಚಿಹೋದ ಪ್ರಕರಣಗಳನ್ನೇ ಮತ್ತೆ ಮತ್ತೆ ಪ್ರಶ್ನಿಸಬೇಕಾಯಿತು. ಈಗ ಸೀಮೆಎಣ್ಣೆ ಸ್ಟವ್ ಅಪರೂಪ. ‘ಗ್ಯಾಸ್ ಲೀಕ್ ಆಯ್ತು’ ಎಂದು ವಾಕ್ಯ ಬದಲಾಗಿದೆ, ಮುಖ ನೋಡಿ ಉತ್ತರಿಸುವುದು ಬದಲಾಗಿಲ್ಲ.

ಕಾನೂನು ಇಲ್ಲಿ ಇಎಂಟಿಯ ಕಿವಿಗೆ ದೊಡ್ಡ ಬೆಲೆ ಕಟ್ಟಿದೆ ಎಂಬುದು ಅನೇಕ ಇಎಂಟಿಗಳಿಗೇ ಗೊತ್ತಿರಲಿಕ್ಕಿಲ್ಲ. ಸಾಯುವವರು ತಮ್ಮ ಸಾವಿನ ಕಾರಣದ ಬಗ್ಗೆ ಆಡಿದ ಮಾತು ಸಾಕ್ಷ್ಯವಾಗುತ್ತದೆ. ಹಿಂದೆ ಸಾಕ್ಷ್ಯ ಅಧಿನಿಯಮದ 32ನೇ ಕಲಮಿನಲ್ಲಿದ್ದ ಈ ಮಾತು ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿದೆ. ಮರಣಕಾಲದ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರೇ ಬರೆದುಕೊಳ್ಳಬೇಕೆಂದೇನೂ ಇಲ್ಲ, ಬಾಯಿಮಾತಿನಲ್ಲಿ ಯಾರಿಗೆ ಹೇಳಿದ್ದರೂ ನಡೆಯುತ್ತದೆ. ಹೇಳುವಾಗ ಆಕೆಗೆ ಪ್ರಜ್ಞೆ ಸರಿಯಿತ್ತೆಂದು ವೈದ್ಯರ ಪ್ರಮಾಣಪತ್ರ ಇರಲೇಬೇಕೆಂದೂ ಇಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಹಾಗಿದ್ದ ಮೇಲೆ ಹಳ್ಳಿಯಿಂದ ಜಿಲ್ಲಾಸ್ಪತ್ರೆಗೆ ಹೋಗುವ ಆ ಮುಕ್ಕಾಲು ಗಂಟೆಯಲ್ಲಿ ಗಾಡಿಯೊಳಗೆ ಆಕೆ ಏನು ನುಡಿದಳು ಎಂಬುದು ಮುಂದೆ ಕೋರ್ಟಿನಲ್ಲಿ ಇಡೀ ಮೊಕದ್ದಮೆಯಾಗಬಹುದು. ಆ ಮಾತು ಹೊರಡಬೇಕಾದರೆ ಮಾಡಬೇಕಾದ ಕೆಲಸ ಮಾತ್ರ ಬಹಳ ಸಣ್ಣದು. ಜೊತೆಗೆ ಬಂದವರನ್ನು ಮುಂದೆ, ಪೈಲಟ್ ಪಕ್ಕ ಕೂರಿಸುವುದು. ‘ಹಿಂದೆ ಜಾಗ ಬೇಕು, ಡ್ರಿಪ್ ಹಾಕಬೇಕು’ ಎಂದರೆ ಯಾರೂ ಜಗಳ ತೆಗೆಯುವುದಿಲ್ಲ. ಅನುಭವಸ್ಥರು ಇದನ್ನು ಯಾರೂ ಕಲಿಸದೆಯೇ ಮಾಡುತ್ತಾರೆ. ನನಗೆ ಕಂಡಂತೆ ಈ ವೃತ್ತಿಯಲ್ಲಿ ರೋಗಿಯ ರಕ್ಷಣೆ ಎಂಬುದರ ಬಹುಪಾಲು ಇಂಥ ಉಪಾಯಗಳಿಂದಲೇ ಆಗಿದೆ.

ಪದದ ಬಗ್ಗೆ ಒಂದು ಮಾತು. ಇಂಥ ರೋಗಿಗಳನ್ನು ಕನ್ನಡದ ಸುತ್ತೋಲೆಗಳು ‘ದುರ್ಬಲ ವರ್ಗ’ ಎನ್ನುತ್ತವೆ. ಜನ ‘ದಿಕ್ಕಿಲ್ಲದವರು’ ಎನ್ನುತ್ತಾರೆ. ಎರಡೂ ಸಾಲದು. ಬಸ್ ಸ್ಟ್ಯಾಂಡಿನಲ್ಲಿ ಬಿದ್ದ ಹೆಸರು ಗೊತ್ತಿಲ್ಲದ ಮುದುಕನಿಗೆ ದಿಕ್ಕಿಲ್ಲ, ನಿಜ. ಆದರೆ ಆ ಸುಟ್ಟ ಹೆಂಗಸಿಗೆ ದಿಕ್ಕುಗಳು ಬೇಕಾದಷ್ಟಿವೆ, ಮಂಚದ ಸುತ್ತ ನಿಂತಿವೆ, ಅಪಾಯ ಬಂದದ್ದೂ ಆ ದಿಕ್ಕಿನಿಂದಲೇ. ತೋಳಿನ ಬಲದಲ್ಲಿ ಅವಳು ದುರ್ಬಲಳೂ ಅಲ್ಲ, ನಿನ್ನೆ ಸಂಜೆಯವರೆಗೆ ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡಿದವಳು. ಒಬ್ಬರ ದುಡ್ಡಿನಲ್ಲಿ, ಒಬ್ಬರ ಮನೆಯಲ್ಲಿ, ಒಬ್ಬರ ಮುಲಾಜಿನಲ್ಲಿ ಇರುವುದರಿಂದ ಹುಟ್ಟುವ ಬಲಹೀನತೆ ಅದು. ನಾಡಿ ಹಿಡಿದರೆ ಸಿಗುವಂಥದ್ದಲ್ಲ.

ಆಂಬುಲೆನ್ಸೇ ಇಲ್ಲದ ಕಾಲ ಬಹಳ ದೂರದ್ದೇನಲ್ಲ. ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಗಾಯಾಳುವಿಗೆ ಚಿಕಿತ್ಸೆ ಕೊಡಿ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದ ಕೃಷಿ ಕೂಲಿಕಾರನೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಒಂದಾದ ಮೇಲೊಂದು ತಿರುಗಿಸಿ ಕಳಿಸಿದ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ಬದುಕುವ ಹಕ್ಕಿನ ಭಾಗವೆಂದು ಅದೇ ಕೋರ್ಟು 1996ರಲ್ಲಿ ಹೇಳಿತು. ಹೈದರಾಬಾದಿನಲ್ಲಿ 2005ರಲ್ಲಿ ಶುರುವಾದ 108, ಕರ್ನಾಟಕಕ್ಕೆ ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದದ್ದು 2008ರ ನವೆಂಬರಿನಲ್ಲಿ. ಹೆಸರೇನೋ ಕವಚ. ಅದರೊಳಗೆ ಕೆಲಸ ಮಾಡುವವರ ವೃತ್ತಿಗೆ ದೇಶದ ಕಾನೂನಿನಲ್ಲಿ ಒಂದು ಸ್ಥಾನ ಸಿಕ್ಕಿದ್ದು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಬಂದ ಮೇಲೆ. ಕಂಡದ್ದನ್ನು ಹೇಳಬೇಕು ಎಂದು ಒಬ್ಬರ ಮೇಲೆ ಹೊಣೆ ಹೊರಿಸುವ ಮೊದಲು, ಆ ಮನುಷ್ಯ ಯಾರು ಎಂದಾದರೂ ತೀರ್ಮಾನವಾಗಬೇಕಲ್ಲ.

ಹೇಳಲೇಬೇಕು ಎಂದು ಕಾನೂನು ಖಂಡಿತವಾಗಿ ಹೇಳಿರುವುದು ಮಕ್ಕಳ ವಿಷಯದಲ್ಲಿ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಯಾರನ್ನೂ ಹೊರಗಿಟ್ಟಿಲ್ಲ: ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಬೇಕು, ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು. ಕೇಳಲು ಇದು ಸರಳ. ಹದಿನೇಳರ ಹುಡುಗಿಯೊಬ್ಬಳಿಗೆ ಹೆರಿಗೆ ನೋವು ಬಂದು ರಾತ್ರಿ 108 ಹೋದಾಗ ಸರಳವಾಗಿರುವುದಿಲ್ಲ. ‘ಹತ್ತೊಂಬತ್ತು ಅಂತ ಬರ್ಕೊಳ್ಳಿ’ ಎಂದು ತಾಯಿ ಕೈ ಮುಗಿಯುತ್ತಾಳೆ. ಹುಡುಗಿಯ ಕೊರಳಲ್ಲಿ ತಾಳಿ ಇದೆ. ಗಂಡನೆನಿಸಿಕೊಂಡವನು, ಅವನೂ ಇನ್ನೂ ಹುಡುಗನೇ, ಆಟೊ ಸಿಗದೆ ಓಡಿ ಬಂದು ಬೆವರುತ್ತಿದ್ದಾನೆ. ಕಾನೂನಿನ ಪ್ರಕಾರ ಇದು ಅಪರಾಧ, ತಿಳಿಸಬೇಕು. ತಿಳಿಸುತ್ತಾರೆಂದು ಊರಿಗೆ ಗೊತ್ತಾದರೆ ಮುಂದಿನ ಹುಡುಗಿಗೆ ಆಂಬುಲೆನ್ಸ್ ಕರೆಯುವುದೇ ಇಲ್ಲ, ಮನೆಯಲ್ಲೇ ಹೆರುತ್ತಾಳೆ. ಈ ತೊಡಕಿಗೆ ನನ್ನಲ್ಲಿ ಉತ್ತರವಿಲ್ಲ. ವಯಸ್ಸನ್ನು ಸುಳ್ಳು ಬರೆಯುವುದಂತೂ ಉತ್ತರವಲ್ಲ. ಹದಿನೇಳರ ಬಸಿರಿಗೆ ರಕ್ತದೊತ್ತಡ, ರಕ್ತಹೀನತೆ, ದಿನ ತುಂಬದ ಹೆರಿಗೆಯ ಅಪಾಯ ಹೆಚ್ಚು. ಸುಳ್ಳು ವಯಸ್ಸು ಲೇಬರ್ ವಾರ್ಡಿನ ವೈದ್ಯರನ್ನೇ ದಾರಿ ತಪ್ಪಿಸುತ್ತದೆ.

ಲೈಂಗಿಕವಲ್ಲದ ಹಿಂಸೆಯ ವಿಷಯಕ್ಕೆ ಬಂದರೆ ಕಾನೂನು ಸಡಿಲವಾಗುತ್ತದೆ. 2015ರ ಬಾಲನ್ಯಾಯ ಕಾಯ್ದೆ ಮಗುವಿನ ಮೇಲಿನ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತದೆ. ದಿಕ್ಕಿಲ್ಲದೆ ಸಿಕ್ಕ ಮಗುವಿನ ಸುದ್ದಿಯನ್ನು 24 ಗಂಟೆಯೊಳಗೆ ಮುಟ್ಟಿಸಬೇಕು ಎನ್ನುತ್ತದೆ. ಹೊಡೆತ ತಿಂದ ಮಗುವಿನ ಬಗ್ಗೆ ಪೋಕ್ಸೊದಷ್ಟು ಬಿಗಿಯಾದ ಕಲಮು ಕಾಣುವುದಿಲ್ಲ. ಆದರೆ ಕಣ್ಣಿಗೆ ಪಾಠ ಹೇಳಿಕೊಡಬಹುದು. ಆಡುವ ಮಗು ಬಿದ್ದರೆ ಪೆಟ್ಟು ಹಣೆಗೆ, ಮೊಣಕಾಲಿಗೆ, ಮುಂಗಾಲಿಗೆ, ಅಂದರೆ ಮೂಳೆ ಮುಂದೆ ಚಾಚಿದ ಕಡೆಗೆ. ಕಿವಿ, ಕೆನ್ನೆ, ತೊಡೆಯ ಒಳಭಾಗ, ಕುಂಡಿ, ಬೆನ್ನು ಸುಮ್ಮನೆ ಬಿದ್ದರೆ ಕಂದುವುದು ಅಪರೂಪ. ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂದು ಕಂಡರೆ ಅಲ್ಲೇ ನಿಂತು ಯೋಚಿಸಬೇಕು. ನಮ್ಮ ಕಡೆಗೇ ಸೇರಿದ ಇನ್ನೊಂದು ತೊಡಕುಂಟು: ಬರೆ. ಕೂಸು ಹಾಲು ಕುಡಿಯುತ್ತಿಲ್ಲ, ಮೈ ಹಳದಿಯಾಗಿದೆ, ಉಸಿರು ಎಳೆಯುತ್ತಿದೆ ಎಂದು ಹೊಟ್ಟೆಗೆ ಬರೆ ಎಳೆಯುವುದು ಹಲವು ಕಡೆ ಇನ್ನೂ ನಿಂತಿಲ್ಲ. ಅಜ್ಜಿ ಅದನ್ನು ಪ್ರೀತಿಯಿಂದಲೇ ಮಾಡಿಸಿರುತ್ತಾಳೆ. ಅದನ್ನು ಕ್ರೌರ್ಯವೆಂದು ಬರೆದರೆ ಮನೆಯವರ ಮನಸ್ಸಿಗೆ ಅನ್ಯಾಯ, ಬರೆಯದಿದ್ದರೆ ಕೂಸಿಗೆ. ಅಂಥ ಕಡೆ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡುವುದು ಠಾಣೆಗೆ ಮಾಡುವುದಕ್ಕಿಂತ ಮೇಲು ಎಂದು ನನ್ನ ಅಂದಾಜು. ನಂಜೇರಿದ್ದರೆ ಮಾತು ಬೇರೆ.

ಮಕ್ಕಳ ವಿಷಯದಲ್ಲಿ ಜಗತ್ತಿಗೆ ಪಾಠವಾದ ಪ್ರಕರಣ ಲಂಡನ್ನಿನದು. ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ, ಐವರಿ ಕೋಸ್ಟಿನಿಂದ ಬಂದ ಹುಡುಗಿ, ಸಾಕುತ್ತೇನೆಂದು ಕರೆತಂದ ಸಂಬಂಧಿಯ ಮನೆಯಲ್ಲಿ ತಿಂಗಳುಗಟ್ಟಲೆ ಹಿಂಸೆ ಅನುಭವಿಸಿ 2000ದ ಫೆಬ್ರವರಿಯಲ್ಲಿ ಸತ್ತಳು. ಅವಳ ಮೈಮೇಲೆ 128 ಗಾಯಗಳಿದ್ದವು. ಅದಕ್ಕೂ ಮೊದಲು ಎರಡು ಆಸ್ಪತ್ರೆಗಳು ಅವಳನ್ನು ನೋಡಿ ಮನೆಗೆ ಕಳಿಸಿದ್ದವು. ಒಂದು ಕಡೆ ಗಾಯಗಳನ್ನು ಕಜ್ಜಿ ಎಂದು ತಿಳಿದರು. ಕೊನೆಗೆ ಅವಳ ಸ್ಥಿತಿ ನೋಡಿ ದಿಗಿಲುಬಿದ್ದು ಗಾಡಿಯನ್ನು ನೇರ ಆಂಬುಲೆನ್ಸ್ ಸ್ಟೇಷನ್ನಿಗೆ ತಿರುಗಿಸಿದವನು ಒಬ್ಬ ಬಾಡಿಗೆ ಟ್ಯಾಕ್ಸಿಯ ಚಾಲಕ. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಬಂತು. ಅದರಲ್ಲಿದ್ದ ಶಿಫಾರಸುಗಳು 108. ಸಂಖ್ಯೆ ಕಾಕತಾಳೀಯ, ಆದರೆ ನಮ್ಮವರಿಗೆ ನೆನಪಿಟ್ಟುಕೊಳ್ಳಲು ಸುಲಭ. ಒಬ್ಬೊಬ್ಬರೂ ಒಂದೊಂದು ತುಂಡು ಕಂಡಿದ್ದರು, ತುಂಡುಗಳನ್ನು ಜೋಡಿಸಿದವರಿಲ್ಲ ಎಂಬುದು ಆ ವರದಿ ಓದಿದವರಿಗೆ ಉಳಿಯುವ ಚಿತ್ರ.

ಇಂಗ್ಲೆಂಡಿನಲ್ಲಿ ಪ್ಯಾರಾಮೆಡಿಕ್ ಎಂಬುದು ಕಾನೂನಿನ ರಕ್ಷಣೆಯಿರುವ ಹೆಸರು, ನೋಂದಣಿಯಿಲ್ಲದವರು ಅದನ್ನು ಬಳಸುವಂತಿಲ್ಲ. ಮನೆಯೊಳಗೆ ಕಂಡದ್ದು ಸರಿಯಿಲ್ಲ ಅನಿಸಿದರೆ ಅದನ್ನು ತಮ್ಮ ಸೇವೆಯ ಮೂಲಕ ಸ್ಥಳೀಯ ಕೌನ್ಸಿಲಿಗೆ ತಲುಪಿಸುವ ದಾರಿ ಅವರಿಗಿದೆ. ಅದು ಹೋಗುವುದು ಪೊಲೀಸರಿಗಲ್ಲ, ಸಮಾಜ ಸೇವಾ ವಿಭಾಗಕ್ಕೆ. ವಯಸ್ಕರ ವಿಷಯದಲ್ಲಿ 2014ರ ಕೇರ್ ಆ್ಯಕ್ಟ್ ಮೂರು ಪ್ರಶ್ನೆ ಕೇಳುತ್ತದೆ: ಇವರಿಗೆ ಬೇರೆಯವರ ಆರೈಕೆ ಬೇಕೆ, ಹಿಂಸೆಯ ಇಲ್ಲವೇ ನಿರ್ಲಕ್ಷ್ಯದ ಅಪಾಯವಿದೆಯೆ, ಆ ಅವಲಂಬನೆಯಿಂದಾಗಿಯೇ ಇವರು ತಮ್ಮನ್ನು ಕಾಪಾಡಿಕೊಳ್ಳಲಾರರೆ. ಅಲ್ಲಿ ಎಲ್ಲ ಸರಿಯಿದೆ ಎಂದಲ್ಲ. ಪತ್ರ ಹೋದ ಮೇಲೆ ಕೌನ್ಸಿಲಿನಲ್ಲಿ ಓದುವ ಜನವೂ ದುಡ್ಡೂ ಬೇಕು. ಆದರೂ ಪತ್ರ ಹೋಗಲು ಒಂದು ವಿಳಾಸವಿದೆ. ನಮ್ಮಲ್ಲಿ ವಯಸ್ಕರ ಮಟ್ಟಿಗೆ ಕಂಡವರಿಗೆ ಉಳಿದಿರುವುದು ಆಸ್ಪತ್ರೆಯ ಎಂಎಲ್‌ಸಿ (ಮೆಡಿಕೊ-ಲೀಗಲ್ ಕೇಸ್) ಪುಸ್ತಕ, ಅದರ ಹಿಂದೆ ಠಾಣೆ.

ಠಾಣೆಯೇ ಎಲ್ಲದಕ್ಕೂ ಮದ್ದಲ್ಲ ಎಂಬುದು ಮುದುಕರ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಲಕ್ವ ಹೊಡೆದು ಎರಡು ವರ್ಷದಿಂದ ಮಲಗಿದ ಅಜ್ಜಿಯನ್ನು ಎತ್ತುವಾಗ ಸೊಂಟದ ಕೆಳಗೆ ಅಂಗೈಯಗಲ ಹುಣ್ಣು. ವಾಸನೆ ಬಾರದಿರಲೆಂದು ಪೌಡರ್ ಸುರಿದಿದ್ದಾರೆ. ನಿರ್ಲಕ್ಷ್ಯವೇ? 2007ರ ಹಿರಿಯ ನಾಗರಿಕರ ಕಾಯ್ದೆ, ಹಿರಿಯರನ್ನು ಎಲ್ಲಾದರೂ ತೊರೆದು ಹೋದವರಿಗೆ ಮೂರು ತಿಂಗಳ ಜೈಲೋ ಐದು ಸಾವಿರ ರೂಪಾಯಿ ದಂಡವೋ ಎನ್ನುತ್ತದೆ. ಆದರೆ ಇಲ್ಲಿ ಯಾರೂ ತೊರೆದಿಲ್ಲ. ಸೊಸೆ ಗಾರ್ಮೆಂಟ್ಸಿಗೆ ಹೋಗಿ ಸಂಜೆ ಏಳಕ್ಕೆ ಬರುತ್ತಾಳೆ, ಬಂದು ಅತ್ತೆಯ ಬಟ್ಟೆ ಬದಲಿಸುತ್ತಾಳೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಡಿಸ್ಚಾರ್ಜ್ ಮಾಡುವಾಗ ಯಾರೂ ಅವಳಿಗೆ ಹೇಳಿರಲಿಲ್ಲ. ಇದು ಕೇಸಾಗಬೇಕಾದ ಹುಣ್ಣಲ್ಲ, ನೀರು ತುಂಬಿದ ಹಾಸಿಗೆಯೂ ವಾರಕ್ಕೆರಡು ಸಲ ಬರುವ ದಾದಿಯೂ ಬೇಕಾದ ಹುಣ್ಣು. ಪಕ್ಕದ ಬೀದಿಯಲ್ಲೇ ಇನ್ನೊಂದು ಮನೆ ಇರಬಹುದು. ಅಲ್ಲಿ ಹುಣ್ಣು ಇಲ್ಲ, ಅಜ್ಜಿಯ ಬೆರಳಿಗೆ ಹಚ್ಚಿದ ಇಂಕಿನ ಕಲೆ ಇದೆ, ಆಸ್ತಿಪತ್ರಗಳ ಮಾತೆತ್ತಿದರೆ ಮಗ ಸಿಡುಕುತ್ತಾನೆ. ಯಾವುದು ಯಾವುದೆಂದು ಹತ್ತು ನಿಮಿಷದಲ್ಲಿ ತೀರ್ಪು ಕೊಡುವುದು ಇಎಂಟಿಯ ಕೆಲಸವಲ್ಲ. ಎರಡನ್ನೂ ಯಾರಾದರೂ ಮತ್ತೆ ಹೋಗಿ ನೋಡಲಿ ಎಂದು ಹೇಳುವುದು ಅವರ ಕೆಲಸ. ಹಿರಿಯರಿಗೆ 14567, ಮಹಿಳೆಯರಿಗೆ 181, ಮಕ್ಕಳಿಗೆ 1098 ಎಂದು ಸಹಾಯವಾಣಿಗಳಿವೆ. ಶಿಫ್ಟ್ ಮುಗಿಸಿದ ಇಎಂಟಿ ತನ್ನ ಮೊಬೈಲಿನಿಂದ ಅದಕ್ಕೆ ಕರೆ ಮಾಡಿದರೆ ಒಳ್ಳೆಯದು. ಆದರೆ ವ್ಯವಸ್ಥೆಯೊಂದು ಒಬ್ಬರ ಒಳ್ಳೆಯತನದ ಮೇಲೆ, ಅದೂ ಸಂಬಳ ಬಾಕಿಯೆಂದು ಆಗಾಗ ಮುಷ್ಕರದ ಮಾತಾಡಬೇಕಾದವರ ಒಳ್ಳೆಯತನದ ಮೇಲೆ, ನಡೆಯಬಾರದು.

ಬೇಡ ಎನ್ನುವವರದು ಇನ್ನೊಂದು ಕಥೆ. ಎದೆನೋವೆಂದು ಮಗ ಕರೆ ಮಾಡಿರುತ್ತಾನೆ, ಅಪ್ಪ ‘ನಾ ಬರಂಗಿಲ್ಲ’ ಎಂದು ಕಂಬ ಹಿಡಿದು ಕೂತಿರುತ್ತಾನೆ. ಬುದ್ಧಿ ನೆಟ್ಟಗಿರುವ ಮನುಷ್ಯ ಬೇಡವೆಂದರೆ ಬೇಡವೇ. ಅವನ ತೀರ್ಮಾನ ನಮಗೆ ಹುಚ್ಚೆನಿಸಿದ ಮಾತ್ರಕ್ಕೆ ಅವನಿಗೆ ತೀರ್ಮಾನಿಸುವ ಶಕ್ತಿಯಿಲ್ಲವೆಂದಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 4ನೇ ಕಲಮು ಮಾನಸಿಕ ಚಿಕಿತ್ಸೆಯ ಮಟ್ಟಿಗೆ ಇದನ್ನೇ ಹೇಳಿದೆ. ಆದರೆ ಸಕ್ಕರೆ ಇಳಿದವನೂ ‘ಬೇಡ’ ಎನ್ನುತ್ತಾನೆ, ಒದೆಯುತ್ತಾನೆ, ಬೈಯುತ್ತಾನೆ. ಬೆರಳು ಚುಚ್ಚಿ ನೋಡಿದರೆ ನಲವತ್ತು. ಗ್ಲೂಕೋಸ್ ಕೊಟ್ಟು ಕಾಲು ಗಂಟೆ ಬಿಟ್ಟು ಕೇಳಿದರೆ ಅದೇ ಮನುಷ್ಯ ನಾಚಿಕೊಂಡು, ‘ಏನಂದೆ ಅಂತ ಗೊತ್ತಾಗಲಿಲ್ಲ ಮಗಾ’ ಎನ್ನುತ್ತಾನೆ. ಒಪ್ಪಿಗೆ ಕೊಡಲು ಆಗದ ಸ್ಥಿತಿಯಲ್ಲಿರುವವರಿಗೆ ಅವರ ಒಳಿತಿಗಾಗಿ ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮು ಹೇಳುತ್ತದೆ. ಮೊದಲು ಸಕ್ಕರೆ, ಆಮೇಲೆ ಸಹಿ. ನಮ್ಮಲ್ಲಿ ಬಹಳ ಸಲ ಆಗುವುದು ಬೇರೆ: ಅಪ್ಪ ಬೇಡವೆಂದದ್ದಕ್ಕೆ ಮಗ ಸಹಿ ಹಾಕುತ್ತಾನೆ. ಆ ಸಹಿ ಯಾರ ಇಚ್ಛೆಯನ್ನು ಹೇಳುತ್ತದೆ ಎಂದು ಯಾರೂ ಕೇಳುವುದಿಲ್ಲ.

ವಿಷ ಕುಡಿದವರ ಹತ್ತಿರ ಹೋದಾಗ ಕನ್ನಡವೇ ಬೆಚ್ಚಿಸುತ್ತದೆ. ‘ಔಷಧ ಕುಡ್ದವ್ನೆ’ ಎನ್ನುತ್ತಾರೆ. ಬೆಳೆಗೆ ಹೊಡೆಯುವುದೂ ಔಷಧ, ಕಾಯಿಲೆಗೆ ಕೊಡುವುದೂ ಔಷಧ. ಉತ್ತರ ಕರ್ನಾಟಕದಲ್ಲಿ ‘ಎಣ್ಣಿ ತೊಗೊಂಡಾನ’ ಎಂದರೂ ಅದೇ ಅರ್ಥ. ಮನೆಯವರು ಡಬ್ಬಿ ಅಡಗಿಸಿರುತ್ತಾರೆ, ಕೇಸಾಗುತ್ತದೆಂದು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಮು ಹೇಳಿತು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಆತ್ಮಹತ್ಯೆಯ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಅದರಲ್ಲಿ ಇರಲಿಲ್ಲ. ಈ ಸುದ್ದಿ ಹಳ್ಳಿಗೆ ಮುಟ್ಟಿಲ್ಲ. ಮುಟ್ಟಿಸಲು ಆ ಮನೆಯ ಹೊಸ್ತಿಲಲ್ಲಿ ನಿಂತ ಇಎಂಟಿಗಿಂತ ತಕ್ಕವರು ಇನ್ನಾರು? ‘ಡಬ್ಬಿ ಕೊಡ್ರಿ ಅಣ್ಣಾರ, ಯಾರನ್ನೂ ಒಳಗ ಹಾಕಂಗಿಲ್ಲ, ಯಾವ ಎಣ್ಣಿ ಅಂತ ಗೊತ್ತಾದ್ರ ಡಾಕ್ಟರಿಗೆ ಅನುಕೂಲ’ ಎಂಬ ಒಂದು ಮಾತಿಗೆ ಡಬ್ಬಿ ಹೊರಗೆ ಬರುತ್ತದೆ.

ಮಾನಸಿಕ ಅಸ್ವಸ್ಥರನ್ನು ಸಾಗಿಸುವಾಗ ಕೈಗೆ ಮೊದಲು ಬರುವುದು ಹಗ್ಗ. ತಮಿಳುನಾಡಿನ ಎರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗ್ಗೆ ಮಾನಸಿಕ ರೋಗಿಗಳ ಆಶ್ರಯಧಾಮವೊಂದಕ್ಕೆ ಬೆಂಕಿ ಹೊತ್ತಿದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ, 28 ಮಂದಿ ಸತ್ತರು. ಸರಪಳಿ ಈಗ ಪೂರ್ತಿ ನಿಷಿದ್ಧ. ದೈಹಿಕವಾಗಿ ತಡೆಹಿಡಿಯುವುದು ಬೇರೆ ಯಾವ ದಾರಿಯೂ ಇಲ್ಲದಾಗ, ಆ ಕ್ಷಣದ ಅಪಾಯ ತಪ್ಪಿಸಲು ಮಾತ್ರ ಎಂದು ಅದೇ 2017ರ ಕಾಯ್ದೆಯ 97ನೇ ಕಲಮು, ಅದೂ ಮನೋವೈದ್ಯರ ಅನುಮತಿಯೊಡನೆ. ಗುಡ್ಡದ ಊರಿನಲ್ಲಿ ರಾತ್ರಿ ಎರಡಕ್ಕೆ ಮನೋವೈದ್ಯರು ಎಲ್ಲಿಂದ ಬರಬೇಕು ಎಂದು ಕಾಯ್ದೆ ಬರೆದವರು ಯೋಚಿಸಿದಂತಿಲ್ಲ. ನಿಮ್ಹಾನ್ಸ್ ಮುಂದಾಳುತನದ ಟೆಲಿ ಮಾನಸ್, 14416, 2022ರಿಂದ ಇದೆ. ಅದು ಮಾತಿಗಾಗುತ್ತದೆ, ಹಿಡಿಯುವ ಕೈಗೆ ಆಗುವುದಿಲ್ಲ. ಅಂಗಳದಲ್ಲಿ ನೆರೆದ ಗುಂಪನ್ನು ಚದುರಿಸಿ, ಸೈರನ್ ಆರಿಸಿ, ಹೆಸರು ಹಿಡಿದು ಕರೆದು ಅರ್ಧ ಗಂಟೆ ಕೂತರೆ ಹಗ್ಗ ಬೇಡವಾಗುವುದುಂಟು. ಆ ಅರ್ಧ ಗಂಟೆಯನ್ನು ಗಾಡಿಯ ಲೆಕ್ಕದಲ್ಲಿ ವಿಳಂಬ ಎಂದು ಬರೆಯಲಾಗುತ್ತದೆ.

ಕವಚವೇ ಚುಚ್ಚಿದ ಪ್ರಸಂಗವನ್ನೂ ಹೇಳದೆ ಬಿಡುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೇರಳದ ಪತ್ತನಂತಿಟ್ಟ ಜಿಲ್ಲೆಯಲ್ಲಿ, ಕೋವಿಡ್ ತಗುಲಿದ 19 ವರ್ಷದ ಯುವತಿಯನ್ನು ರಾತ್ರಿ ಚಿಕಿತ್ಸಾ ಕೇಂದ್ರಕ್ಕೆ ಒಯ್ಯುತ್ತಿದ್ದ 108ರ ಚಾಲಕನೇ ಆಕೆಯ ಮೇಲೆ ಅತ್ಯಾಚಾರ ಎಸಗಿದ. ಜೊತೆಗಿದ್ದ ಇನ್ನೊಬ್ಬ ರೋಗಿಯನ್ನು ಮೊದಲು ಇಳಿಸಿಯಾಗಿತ್ತು, ಗಾಡಿಯಲ್ಲಿ ಆರೋಗ್ಯ ಸಿಬ್ಬಂದಿ ಇರಲಿಲ್ಲ. ಆಮೇಲೆ ಅವನು ಕ್ಷಮೆ ಕೇಳಿದ್ದನ್ನು ಆಕೆ ಫೋನಿನಲ್ಲಿ ಮುದ್ರಿಸಿಕೊಂಡಳು. 2025ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಅವನ ಮೇಲೆ ಮೊದಲೇ ಕ್ರಿಮಿನಲ್ ಪ್ರಕರಣವಿತ್ತು. ನೇಮಕಕ್ಕೆ ಮುನ್ನ ಪೊಲೀಸ್ ಪರಿಶೀಲನೆ, ಒಂಟಿ ಹೆಣ್ಣು ರೋಗಿಯಿದ್ದಾಗ ಎರಡನೆಯ ಸಿಬ್ಬಂದಿ, ಗಾಡಿ ದಾರಿಯಲ್ಲಿ ಕಾರಣವಿಲ್ಲದೆ ನಿಂತರೆ ಕಂಟ್ರೋಲ್ ರೂಮಿನಿಂದ ಕರೆ: ಇವು ಮೂರೂ ದುಡ್ಡಿನ ಮಾತಿಗಿಂತ ಮನಸ್ಸಿನ ಮಾತು.

ಮತ್ತೆ ಕ್ಯಾಶುವಾಲ್ಟಿಯ ಬಾಗಿಲಿಗೆ ಬರೋಣ. ಕನ್ನಡದಲ್ಲಿ ‘ಅಂತೆ’ ಎಂಬ ಒಂದು ಸಣ್ಣ ಪ್ರತ್ಯಯವಿದೆ. ನಾನು ಕಂಡದ್ದಲ್ಲ, ಇನ್ನೊಬ್ಬರು ಹೇಳಿದ್ದು ಎಂಬುದನ್ನು ಅದು ಎರಡೇ ಅಕ್ಷರದಲ್ಲಿ ಹೇಳಿಬಿಡುತ್ತದೆ. ಇಎಂಟಿ ಸ್ಟ್ರೆಚರ್ ಒಳಗೆ ತಳ್ಳುತ್ತ ಡ್ಯೂಟಿ ಡಾಕ್ಟರಿಗೆ ಹೇಳುವುದು ಹೀಗೆ: ‘ಬರ್ನ್ಸ್ ಕೇಸ್ ಮೇಡಂ, ಅರವತ್ತು ಪರ್ಸೆಂಟ್ ಇರಬಹುದು, ಸ್ಟವ್ ಸಿಡೀತಂತೆ.’ ಯಾರು ಹೇಳಿದರಂತೆ ಎಂದು ಕೇಳಲು ಅಲ್ಲಿ ಹೊತ್ತಿಲ್ಲ. ಹಿಂದೆ ಇನ್ನೆರಡು ಸ್ಟ್ರೆಚರ್ ಕಾಯುತ್ತಿವೆ. ಔಟ್‌ಪೋಸ್ಟಿನ ಪೊಲೀಸ್ ಚಹಾಕ್ಕೆ ಹೋಗಿದ್ದಾನೆ, ಪೈಲಟ್‌ಗೆ ಆಗಲೇ ಮುಂದಿನ ಕರೆ ಬಂದಿದೆ. ‘ಗಂಡ ಹೇಳಿದ್ದು, ಆಕೆ ಹೇಳುವಾಗ ಅವನ ಮುಖ ನೋಡಿದಳು, ಸ್ಟವ್ ಸರಿಯಾಗಿತ್ತು’ ಎಂಬ ಮೂರು ತುಂಡು ಮಾತುಗಳಿಗೆ ಬೇಕಾದದ್ದು ಇಪ್ಪತ್ತು ಸೆಕೆಂಡು, ಮತ್ತು ಅವನ್ನು ಬರೆಯಲು ಹಾಳೆಯಲ್ಲೊಂದು ಜಾಗ. ಇಎಂಟಿ ಗಾಡಿಯ ನೆಲಕ್ಕೆ ನೀರು ಹಾಕಿ ಒರೆಸಿ ಹೊರಡುವ ಹೊತ್ತಿಗೆ ಒಳಗೆ ಎಂಎಲ್‌ಸಿ ಪುಸ್ತಕದಲ್ಲಿ ಸಾಲು ಬಿದ್ದಿರುತ್ತದೆ: ಸ್ಟವ್ ಸಿಡಿದು ಆದ ಸುಟ್ಟ ಗಾಯ.